ಎಲೆ ಅಡಿಕೆಯ ಬೀದಿ

ಹಂಪೆಯ ಹಜಾರರಾಮ ದೇವಾಲಯದ ಮುಂದಿನಿಂದ ಈಶಾನ್ಯಾಭಿಮುಖವಾಗಿ ಹೊರಡುವ ಪ್ರಾಚೀನ ಬೀದಿಯ ಆಸುಪಾಸಿನಲ್ಲಿ ಪಾರ್ಶ್ವನಾಥ ತೀರ್ಥಂಕರನ ಚೈತ್ಯಾಲಯವೊಂದು ಜೀರ್ಣಸ್ಥಿತಿಯಲ್ಲಿ ನಿಂತಿದೆ. ಶಕವರ್ಷ 1348ರಲ್ಲಿ, ಎಂದರೆ ಕ್ರಿಸ್ತಶಕ 1426ರಲ್ಲಿ, ವಿಜಯನಗರದ ಇಮ್ಮಡಿ ದೇವರಾಯನು ಅದನ್ನು ಶಿಲೆಯಲ್ಲಿ ಕಟ್ಟಿಸಿದನೆಂದು ಅಲ್ಲಿಯ ಸಂಸ್ಕೃತ ಶಾಸನವು ತಿಳಿಸುತ್ತದೆ. ರಾಜವಂಶದ ಪ್ರಶಸ್ತಿ, ನಗರದ ವರ್ಣನೆ, ಅರ್ಹಂತನ ಸ್ತುತಿ ಇವೆಲ್ಲ ಶಾಸನಸಂಪ್ರದಾಯಕ್ಕೆ ತಕ್ಕಂತೆ ಅಲ್ಲಿವೆ. ಆದರೆ ಗುಡಿಯು ನಗರದ ಯಾವ ಭಾಗದಲ್ಲಿ ಏಳಬೇಕಾಯಿತೆಂದು ಹೇಳುವ ಸಂದರ್ಭದಲ್ಲಿ ಶಾಸನಕಾರನು ಆ ಸ್ಥಳವನ್ನು ಎಲೆ ಅಡಿಕೆಯ ಅಂಗಡಿಬೀದಿಯೆಂದು ಗುರುತಿಸಿರುವನು. ವಿದ್ವಾಂಸರ ಬರಹಗಳಲ್ಲಿಯೂ ಯಾತ್ರಿಕರ ಬಾಯಲ್ಲಿಯೂ ಇಂದು ರೂಢವಾಗಿರುವ ಪಾನ್ ಸುಪಾರಿ ಬಜಾರು ಎಂಬ ಹೆಸರಿಗೆ ಮೂಲ ಈ ಉಲ್ಲೇಖವೇ.

ಮುತ್ತು, ಮಾಣಿಕ್ಯ, ವಜ್ರಗಳನ್ನು ಬಯಲಿನಲ್ಲಿ ಹರಡಿಕೊಂಡು ಮಾರುತ್ತಿದ್ದರೆಂದು ಪರದೇಶದವರು ಬೆರಗಿನಿಂದ ಬರೆದಿಟ್ಟಿರುವ ನಗರವದು. ಅಂತಹ ರಾಜಧಾನಿಯಲ್ಲಿ, ಅರಮನೆಯ ಆವರಣಕ್ಕೆ ಅಷ್ಟು ಸಮೀಪದಲ್ಲಿ, ಎರಡು ದಿನಕ್ಕೆ ಬಾಡಿಹೋಗುವ ಒಂದು ಎಲೆಗೂ ಅದರ ಸಂಗಾತಿಯಾದ ಒಂದು ಕಾಯಿಗೂ ಒಂದು ಬೀದಿಯೇ ಮೀಸಲಾಗಿದ್ದಿತು, ಮತ್ತು ಆ ಬೀದಿಯ ಹೆಸರು ರಾಜಶಾಸನದಲ್ಲಿ ನಿಲ್ಲತಕ್ಕಷ್ಟು ಪ್ರಸಿದ್ಧವಾಗಿದ್ದಿತು ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸದೆ ಮುಂದೆ ನಡೆದುಬಿಡುತ್ತೇವೆ. ತಾಂಬೂಲವೆಂದರೆ ಊಟದ ಕೊನೆಯ ಒಂದು ಚಪಲವೆಂದು ಎಣಿಸುವುದೇ ಇದಕ್ಕೆ ಕಾರಣವಾಗಿರಬಹುದು. ಆ ಒಂದು ಬಾಯಿ ತಾಂಬೂಲದಲ್ಲಿ ತುಂಗಭದ್ರೆಯ ನೀರು, ಮಲೆನಾಡಿನ ನೆರಳು, ಬಳ್ಳಾರಿ ಸೀಮೆಯ ಎರೆನೆಲ, ಪೂರ್ವಸಮುದ್ರದಾಚೆಯ ದ್ವೀಪಗಳ ಕರ್ಪೂರ ಇವಿಷ್ಟೂ ಕೂಡುತ್ತಿದ್ದುವು. ವಿಜಯನಗರವೆಂಬ ಸಾಮ್ರಾಜ್ಯವು ಯಾವ ಯಾವ ದಾರಿಗಳನ್ನು ತನ್ನ ಹಿಡಿತದಲ್ಲಿ ಇರಿಸಿಕೊಂಡಿದ್ದಿತೆಂಬುದನ್ನು ನಾಲಗೆಯಿಂದಲೇ ತಿಳಿಯಬಹುದಾಗಿದ್ದಿತೆಂಬುದು ನನ್ನ ಭಾವನೆ.

ಒಂದು ಎಲೆಯ ರುಚಿಯನ್ನು ಇಷ್ಟು ಗಂಭೀರವಾಗಿ ಪರಿಗಣಿಸುವುದು ವಿಚಿತ್ರವೆಂದು ಭಾವಿಸುವವರು ಚೀನಾದೇಶದ ಚಹಾರಸಿಕರನ್ನು ನೆನೆಯಬೇಕು. ಅಲ್ಲಿ ಫೂಜಿಯಾನ್ ಪ್ರಾಂತದ ವೂಯೀ ಪರ್ವತಗಳಲ್ಲಿ ಊಲಾಂಗ್ ಎಂಬ ಚಹಾವನ್ನು ಸಿದ್ಧಪಡಿಸುವವರು, ಕಿತ್ತ ಎಲೆಯನ್ನು ಬಾಡಿಸಿ, ಅದರ ಅಂಚುಗಳು ಮಾತ್ರ ನಲುಗುವಂತೆ ಅಲುಗಾಡಿಸಿ, ಅರ್ಧ ಕೆಂಪಾದ ಹದದಲ್ಲಿ ಕಾಯಿಸಿ ನಿಲ್ಲಿಸಿ, ಆಮೇಲೆ ಬಿದಿರ ಬುಟ್ಟಿಗಳಲ್ಲಿ ಇದ್ದಲ ಕೆಂಡದ ಮೇಲೆ ಗಂಟೆಗಟ್ಟಲೆ ಹುರಿಯುತ್ತಾರೆ. ಹಾಗೆ ಹುರಿದ ಎಲೆಯ ಕಷಾಯದಲ್ಲಿ ಹಸುರುತನವು ಅಡಗಿ, ಸುಟ್ಟ ಬೆಲ್ಲದ ಘಮಲೂ ಕಲ್ಲಿನ ಕಸರೂ ಮೇಲೆದ್ದು, ಗುಟುಕು ಇಳಿದ ಎಷ್ಟೋ ಹೊತ್ತಿನ ಮೇಲೆ ಒಗರು ಸಿಹಿಯಾಗಿ ಗಂಟಲಿನಿಂದ ಹಿಂದಿರುಗುವುದನ್ನು ಅವರು ಕಾದು ಅನುಭವಿಸುತ್ತಾರೆ. ದೇವರಾಯನ ಕಾಲಕ್ಕೆ ಚೀನಾದ ಪಿಂಗಾಣಿಯು ವಿಜಯನಗರವನ್ನು ಮುಟ್ಟಿದ್ದಿತು. ಅದರ ಚೂರುಗಳು ಹಂಪೆಯ ಉತ್ಖನನಗಳಲ್ಲಿ ದೊರೆತಿವೆ. ಊಲಾಂಗಿನ ವಿದ್ಯೆಯಾದರೋ ಅಲ್ಲಿಯೇ ರೂಪುಗೊಳ್ಳುವುದಕ್ಕೆ ಇನ್ನೂ ಎರಡು ಶತಮಾನಗಳು ಬೇಕಾಗಿದ್ದುವು. ಬಟ್ಟಲು ಬಂದ ದೇಶದಿಂದ ಎಲೆ ಬರಬೇಕಾದ ಅಗತ್ಯ ನಮ್ಮವರಿಗೆ ಇರಲಿಲ್ಲ, ಏಕೆಂದರೆ ಎಲೆಯೊಂದರ ಕಟು, ಕಷಾಯ, ಮಧುರಗಳನ್ನು ಬಾಯಲ್ಲಿ ಇಟ್ಟುಕೊಂಡು ವಿವೇಚಿಸುವ ಶಾಸ್ತ್ರ ಇಲ್ಲಿ ಅದಾಗಲೇ ಹಳೆಯದಾಗಿದ್ದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ರಾಜನು ಅನುಭವಿಸತಕ್ಕ ಭೋಗಗಳ ಸಾಲಿನಲ್ಲಿ ತಾಂಬೂಲಭೋಗಕ್ಕೆ ಒಂದು ಪ್ರತ್ಯೇಕ ಪ್ರಕರಣವೇ ಇದೆ.

ವಿಜಯನಗರದ ತಾಂಬೂಲವನ್ನು ಕುರಿತು ನಮಗೆ ಉಳಿದಿರುವ ಸಾಕ್ಷ್ಯಗಳಲ್ಲೆಲ್ಲ ಸೊಗಸಾದುದು ಹೊರಗಿನವನೊಬ್ಬನದು. ಹೆರಾತಿನಲ್ಲಿ ಆಳುತ್ತಿದ್ದ ತೈಮೂರನ ಮಗ ಷಾಹರುಖನು ಕಳುಹಿಸಿದ ರಾಯಭಾರಿ ಅಬ್ದುರ್ ರಜಾಕನು 1442ರಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ದೇವರಾಯನ ಕರೆಯ ಮೇಲೆ 1443ರ ಏಪ್ರಿಲ್ ಕೊನೆಯಲ್ಲಿ ವಿಜಯನಗರವನ್ನು ಸೇರಿದನು. ಏಳು ಸುತ್ತಿನ ಕೋಟೆಯನ್ನೂ ಒಂದೊಂದು ಕಸುಬಿನವರ ಅಂಗಡಿಗಳು ಒಂದೊಂದೆಡೆ ಕೂಡಿಕೊಂಡಿದ್ದ ಬಜಾರುಗಳನ್ನೂ ಕಂಡು ವಿಸ್ಮಿತನಾದ ಆತನು, ಈ ಊರಿನ ಜನಕ್ಕೆ ಗುಲಾಬಿಯಿಲ್ಲದೆ ಬದುಕೇ ಇಲ್ಲವೆಂದು ಬರೆದನು. ಆದರೆ ಆತನ ಲೇಖನಿ ಎಲ್ಲಕ್ಕಿಂತ ತಡೆದು ನಿಂತದ್ದು ಎಲೆಯ ಬಳಿ. ಅದು ಕಿತ್ತಿಳೆಯ ಎಲೆಯನ್ನು ಹೋಲುವುದೆಂದೂ ಅದಕ್ಕಿಂತ ನೀಳವೆಂದೂ ಹೇಳಿ, ಅಡಿಕೆಯನ್ನು ಜಜ್ಜಿ ಬಾಯಿಗೆ ಹಾಕಿಕೊಳ್ಳುವುದನ್ನು, ಎಲೆಗೆ ಸುಣ್ಣವನ್ನು ಸವರಿ ಸುರುಳಿ ಸುತ್ತುವುದನ್ನು, ಒಮ್ಮೆಗೆ ನಾಲ್ಕರವರೆಗೂ ಎಲೆಗಳನ್ನು ಮೆಲ್ಲುವುದನ್ನು, ಕೆಲವೊಮ್ಮೆ ಕರ್ಪೂರ ಬೆರಸುವುದನ್ನು ಆತನು ಕ್ರಮವಾಗಿ ವರ್ಣಿಸಿರುವನು. ಅದು ಮುಖಕ್ಕೆ ಕಳೆ ಕೊಡುವುದು, ಮದ್ಯದಂತೆ ಉಲ್ಲಾಸ ತರುವುದು, ಹಸಿದವನ ಹಸಿವನ್ನು ಅಡಗಿಸುವುದು, ಹಲ್ಲುಗಳನ್ನು ಗಟ್ಟಿಮಾಡುವುದು ಎಂದು ಆತನು ಕೊಡುವ ಪಟ್ಟಿಯನ್ನು ಓದುವಾಗ, ಕೇಳಿದುದನ್ನಷ್ಟೇ ಬರೆದವನ ಮಾತು ಇದಲ್ಲವೆಂಬುದು ಸ್ಪಷ್ಟವಾಗುತ್ತದೆ. ಆತನು ತಾಂಬೂಲವನ್ನು ಹಾಕಿಕೊಂಡು ಅದನ್ನು ಮೆಚ್ಚಿದ್ದನು.

ಮೆಚ್ಚುವುದಕ್ಕೆ ಅವಕಾಶವೂ ಸಾಕಷ್ಟು ಇದ್ದಿತು. ವಾರಕ್ಕೆ ಎರಡು ಸಾರಿ ಸಂಜೆಯ ಹೊತ್ತು ಆತನಿಗೆ ಅರಮನೆಗೆ ಕರೆ ಬರುತ್ತಿದ್ದಿತು. ದರ್ಶನ ಮುಗಿಸಿ ಹೊರಡುವಾಗ ಪ್ರತಿಸಲವೂ ವೀಳ್ಯ, ಹಣ ತುಂಬಿದ ಚೀಲ, ಕರ್ಪೂರ ಈ ಮೂರನ್ನು ಕೊಡುತ್ತಿದ್ದರು. ಮೊದಲನೆಯ ದರ್ಶನದಲ್ಲಿ ದೊರೆತುದು ಎರಡು ಕಟ್ಟು ವೀಳ್ಯ, 500 ಪಣಗಳ ಚೀಲ ಮತ್ತು 20 ಮಿಸ್ಕಾಲು ಕರ್ಪೂರ. ಆ ಕರ್ಪೂರವು ಇಂದಿನ ತೂಕದಲ್ಲಿ ಸುಮಾರು 80-90 ಗ್ರಾಮುಗಳಾಗುತ್ತದೆ. ದೇವರಾಯನು ಆ ಸಂದರ್ಭದಲ್ಲಿ ಆಡಿದನೆಂದು ರಾಯಭಾರಿಯು ಹೇಳುವ ಮಾತಿನ ತಾತ್ಪರ್ಯ ಬಹು ಅರ್ಥವತ್ತಾದುದು: ನಿಮ್ಮ ದೊರೆಗಳು ರಾಯಭಾರಿಯನ್ನು ತಮ್ಮ ಪಂಕ್ತಿಯಲ್ಲಿ ಕುಳ್ಳಿರಿಸಿಕೊಂಡು ಉಣ್ಣುತ್ತಾರೆ, ನಾವೂ ನೀವೂ ಜೊತೆಯಲ್ಲಿ ಉಣ್ಣುವಂತಿಲ್ಲ, ಆದುದರಿಂದ ಈ ಚೀಲವೇ ನಮ್ಮ ಔತಣವೆಂದು ಭಾವಿಸಬೇಕು ಎಂದು. ಪಂಕ್ತಿಭೇದವು ದಾಟಲಾಗದ ಗೋಡೆಯಾಗಿದ್ದ ಸಮಾಜದಲ್ಲಿ ಆ ಗೋಡೆಯ ಮೇಲಿನಿಂದ ಕೈಚಾಚಿ ಕೊಡಬಹುದಾಗಿದ್ದ ವಸ್ತು ವೀಳ್ಯ. ಬೇಯಿಸಿದ ಅನ್ನಕ್ಕೆ ಮಡಿಯುಂಟು, ಮುಟ್ಟುಂಟು. ಹಸಿಯ ಎಲೆಗೆ ಅದಾವುದೂ ಇಲ್ಲ. ಶೈವನಾದ ದೊರೆಯು ಜೈನರಿಗೆ ಗುಡಿ ಕಟ್ಟಿಸಿ, ಮುಸಲ್ಮಾನ ರಾಯಭಾರಿಗೆ ಮರ್ಯಾದೆ ಮಾಡಿದ ಆ ನಗರದಲ್ಲಿ ಎಲೆ ಅಡಿಕೆಯ ಬೀದಿ ಅರಮನೆಗೆ ಹತ್ತಿರವಾಗಿದ್ದುದರ ಔಚಿತ್ಯ ಇಲ್ಲಿ ತಿಳಿಯುತ್ತದೆ.

ಇನ್ನು ಎಲೆ ಬೆಳೆಯುತ್ತಿದ್ದ ನೆಲದ ಮಾತು. ವೀಳ್ಯದ ಬಳ್ಳಿಯು ಬಿಸಿಲನ್ನು ಸಹಿಸದು, ನೀರು ನಿಂತರೆ ಕೊಳೆಯುತ್ತದೆ, ನೀರು ತಪ್ಪಿದರೆ ಒಣಗುತ್ತದೆ. ವರ್ಷದಲ್ಲಿ ಬಹುಭಾಗ ಬಂಡೆ ಕಾದು ಕೆಂಡವಾಗುವ ಹೊಸಪೇಟೆ ಹಂಪೆಗಳ ಸೀಮೆಯಲ್ಲಿ ಅಂತಹ ಸುಕುಮಾರವಾದ ಬಳ್ಳಿ ಬದುಕಬೇಕಾದರೆ, ಮಳೆಯನ್ನು ನಂಬದೆ ನಿತ್ಯವೂ ಹರಿಯುವ ನೀರು ಬೇಕು. ವಿಜಯನಗರದ ಅರಸರು ತುಂಗಭದ್ರೆಗೆ ಕಟ್ಟಿದ ಅಣೆಕಟ್ಟುಗಳೂ ಅವುಗಳಿಂದ ಹೊರಡಿಸಿದ ಕಾಲುವೆಗಳೂ ಆ ನೀರನ್ನು ಒದಗಿಸಿದುವು. ನದಿಯ ಪಾತ್ರದಲ್ಲಿ ಪ್ರಕೃತಿಯೇ ಚೆಲ್ಲಿರುವ ಹೆಬ್ಬಂಡೆಗಳ ನಡುನಡುವೆ ಕಲ್ಲುಗಳನ್ನು ಜೋಡಿಸಿ, ಪ್ರವಾಹವನ್ನು ಪೂರ್ತಿ ತಡೆಯದೆ, ಬೇಸಗೆಯ ಸಣ್ಣ ಹರಿವನ್ನು ಮಾತ್ರ ಪಕ್ಕಕ್ಕೆ ತಿರುಗಿಸಿಕೊಂಡ ಆ ಕಟ್ಟೆಗಳ ಕೌಶಲ ಇಂದಿಗೂ ನೋಡತಕ್ಕದ್ದು. ಬಸವಣ್ಣ ಕಾಲುವೆ, ರಾಯ ಕಾಲುವೆ, ಬೆಲ್ಲ ಕಾಲುವೆ, ತುರ್ತು ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ ಎಂದು ಹೊಳೆಯ ಬಲದಂಡೆಯ ಹೆಸರುಗಳನ್ನು ಎಣಿಸುತ್ತ ಹೋದರೆ ಹೊಸಪೇಟೆಯಿಂದ ಕಂಪ್ಲಿಯವರೆಗಿನ ಹಸುರಿನ ಪಟ್ಟಿಯೇ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತದೆ. ವಲ್ಲಭಾಪುರದ ಅಣೆಯನ್ನು ಕಟ್ಟಿ ಬಸವಣ್ಣ ಕಾಲುವೆಯನ್ನು ತೆಗೆಸಿದ್ದು 1521ರಲ್ಲಿ ಕೃಷ್ಣದೇವರಾಯನ ಕಾಲದ ಕಾರ್ಯ. ರಾಯ ಕಾಲುವೆಯು ಕಮಲಾಪುರದ ಕೆರೆಗೆ ನೀರೂಡುತ್ತ, ತುರ್ತು ಕಾಲುವೆಯು ಹಾಳುಬಿದ್ದ ಪಟ್ಟಣದ ನಡುವಿನ ಕಣಿವೆಯಲ್ಲಿ ಗದ್ದೆ ತೋಟಗಳಿಗೆ ಹರಿಯುತ್ತ ಇಂದಿಗೂ ತಮ್ಮ ಕೆಲಸವನ್ನು ಮಾಡುತ್ತಿವೆ.

ಸುಮಾರು 1520ರಲ್ಲಿ ಬಂದ ಪೋರ್ಚುಗೀಸರ ಡೊಮಿಂಗೊ ಪಾಯಿಸನು ನಗರದ ಸುತ್ತಲಿನ ತೋಪುಗಳಲ್ಲಿ ಮಾವು, ಹಲಸು, ನಿಂಬೆ, ಕಿತ್ತಿಳೆಗಳ ಜೊತೆಗೆ ಅಡಿಕೆಯ ಮರಗಳೂ ದಟ್ಟವಾಗಿ ಬೆಳೆದಿದ್ದುದನ್ನು ಕಂಡನು. ಕೃಷ್ಣದೇವರಾಯನು ತನ್ನ ಪ್ರಿಯಪತ್ನಿಯ ಹೆಸರಿನಲ್ಲಿ ಕಟ್ಟಿಸಿದ ಹೊಸ ಪಟ್ಟಣವೆಂದು ಆತನು ಹೇಳುವ ಊರು ಇಂದಿನ ಹೊಸಪೇಟೆ. ಅದರ ದಕ್ಷಿಣಕ್ಕೆ, ಸಂಡೂರಿನ ದಾರಿಯಲ್ಲಿ, ಎರಡು ಗುಡ್ಡಗಳ ಬಾಯಿಗೆ ಅಡ್ಡಲಾಗಿ ಎದ್ದ ಮಹಾಕೆರೆಯ ಕೆಲಸವನ್ನೂ ಆತನು ಪ್ರತ್ಯಕ್ಷವಾಗಿ ನೋಡಿದನು. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿ ದುಡಿಯುತ್ತಿದ್ದರಂತೆ. ಆ ಕೆರೆಯ ನೀರು ಹಾಯುವ ನೆಲವನ್ನು ಗದ್ದೆ ತೋಟ ಮಾಡಿಕೊಳ್ಳುವವರಿಗೆ ಒಂಬತ್ತು ವರ್ಷಗಳ ಕಾಲ ಕಂದಾಯವಿಲ್ಲದೆ ಬಿಟ್ಟುಕೊಟ್ಟರೆಂದು ಪಾಯಿಸನ ತರುವಾಯ ಬಂದ ನೂನಿಜನು ತಿಳಿಸುತ್ತಾನೆ. ತೋಟಗಾರನ ಕಷ್ಟವನ್ನು ಬಲ್ಲವರು ಮಾತ್ರ ಇಂತಹ ಷರತ್ತನ್ನು ಯೋಚಿಸಬಲ್ಲರು. ಭತ್ತ ಒಂದೇ ಬೆಳೆಗೆ ಕೈಗೆ ಬರುತ್ತದೆ. ಎಲೆಯ ತೋಟಕ್ಕೆ ಮೊದಲು ನೆಲವನ್ನು ಹದಗೊಳಿಸಬೇಕು, ಬಳ್ಳಿಗೆ ಆಸರೆಯಾಗುವ ಅಗಸೆ, ನುಗ್ಗೆ, ಹಾಲುವಾಣಗಳನ್ನು ಬೆಳೆಸಬೇಕು, ಗಾಳಿಯನ್ನು ತಡೆಯುವ ಬಾಳೆಯನ್ನು ಸುತ್ತ ನೆಡಬೇಕು, ಆ ಬಳಿಕ ಬಳ್ಳಿಯ ತುಂಡುಗಳನ್ನು ಊರಿ, ಹಬ್ಬಿದುದನ್ನು ಗೆಣ್ಣು ಗೆಣ್ಣಿಗೆ ಕಟ್ಟುತ್ತ ಮೇಲೇರಿಸಬೇಕು.

ಎಲೆತೋಟದವನ ದುಡಿಮೆಯಲ್ಲಿ ಬಳ್ಳಿ ಇಳಿಸುವುದೆಂಬ ಒಂದು ಕೆಲಸವುಂಟು. ಆಸರೆಯ ತುದಿಯವರೆಗೆ ಏರಿ ಎಲೆ ಸಣ್ಣದಾಗುತ್ತ ಬಂದ ಬಳ್ಳಿಯನ್ನು ಮೆಲ್ಲಗೆ ಬಿಡಿಸಿ, ಕೆಳಗೆ ತಂದು, ಬರಿದಾದ ಬುಡದ ಭಾಗವನ್ನು ಸುತ್ತಿ ಮಣ್ಣಿನಲ್ಲಿ ಹೂಳಿ, ಚಿಗುರು ತುದಿಯನ್ನು ಮಾತ್ರ ಮತ್ತೆ ಮರಕ್ಕೆ ಕಟ್ಟುವರು. ಹೂತ ಗೆಣ್ಣುಗಳು ಹೊಸ ಬೇರು ಬಿಟ್ಟು ಬಳ್ಳಿಗೆ ಹೊಸ ಪ್ರಾಯ ಬರುತ್ತದೆ. ಒಂದೇ ಬಳ್ಳಿಯ ಎಲೆಗಳಲ್ಲಿಯೂ ಭೇದವಿದೆ: ಮಳೆಗಾಲದ ಎಲೆ ತೆಳ್ಳಗೆ, ನೀರುನೀರಾಗಿ ಸಪ್ಪಗಿರುತ್ತದೆ, ಚಳಿಗಾಲದ್ದು ಸಣ್ಣದಾದರೂ ದಪ್ಪ, ಖಾರ ಮತ್ತು ಘಮ ಎರಡೂ ಅದರಲ್ಲಿ ಸಾಂದ್ರವಾಗಿರುತ್ತವೆ. ಕಿತ್ತ ಎಲೆಯನ್ನು ಎಣಿಸಿ ಕಟ್ಟು ಕಟ್ಟಿ, ಒದ್ದೆ ಬಟ್ಟೆಯ ಅಥವಾ ಬಾಳೆಯೆಲೆಯ ಒಳಗೆ ಬುಟ್ಟಿಯಲ್ಲಿ ಕತ್ತಲೆಗಿಟ್ಟು, ದಿನವೂ ತಿರುವಿಹಾಕಿ ಕೊಳೆತುದನ್ನು ತೆಗೆಯುತ್ತ ಬಂದರೆ, ಕಡುಹಸುರು ಬಣ್ಣ ಇಳಿದು ಎಲೆ ಎಳೆಹಳದಿಗೆ ತಿರುಗುತ್ತದೆ; ಆಗ ಅದರ ಒರಟುತನ ಕಳೆದು ಖಾರವು ಮೃದುವಾಗುತ್ತದೆ. ಕಾಶಿಯ ಕಡೆ ಇದನ್ನೇ ಇದ್ದಲ ಕಾವು ಕೊಟ್ಟು ಸಾಧಿಸುವರು. ಕಿತ್ತ ಕೂಡಲೆ ಎಲೆಯ ಗುಣ ಪೂರ್ಣವಾಗುವುದಿಲ್ಲ, ಅದನ್ನು ಕಾಯಿಸಬೇಕು ಮತ್ತು ಕಾಯಬೇಕು ಎಂಬ ತಿಳಿವಳಿಕೆ ವೂಯೀ ಪರ್ವತದವರಿಗೂ ನಮ್ಮ ಎಲೆಗಾರರಿಗೂ ಪ್ರತ್ಯೇಕವಾಗಿಯೇ ಬಂದುದು. ಕಾಲಿನ ಕೆರ ಹೊರಗೆ ಬಿಟ್ಟಲ್ಲದೆ ಎಲೆತೋಟದೊಳಗೆ ಕಾಲಿಡಬಾರದೆಂಬ ನಿಯಮವನ್ನು ಹಳೆಯ ಬೇಸಾಯಗಾರರು ದೇವರ ಗುಡಿಗೆ ಸಲ್ಲುವ ಮರ್ಯಾದೆಯಿಂದಲೇ ಪಾಲಿಸುತ್ತ ಬಂದಿದ್ದಾರೆ.

ಅಡಿಕೆಯ ವಿಚಾರ ಬೇರೆ. ನಗರದ ಸುತ್ತ ಅಡಿಕೆಯ ಮರಗಳಿದ್ದುದು ನಿಜವಾದರೂ ಅಷ್ಟು ದೊಡ್ಡ ರಾಜಧಾನಿಯ ಬಾಯಿಗೆ ಅವು ಸಾಲುತ್ತಿರಲಿಲ್ಲವೆಂದು ಊಹಿಸಬಹುದು. ಅಡಿಕೆಯ ತವರು ಸಹ್ಯಾದ್ರಿಯ ಮಗ್ಗುಲು. ಮಲೆನಾಡಿನವರು ಎಳೆಗಾಯಿಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡುತ್ತಾರೆ. ಕರಾವಳಿಯವರು ಹಣ್ಣಡಿಕೆಯನ್ನು ಬಿಸಿಲಿಗೆ ಹಾಕಿ ಚಾಲಿ ಮಾಡುತ್ತಾರೆ. ಒಂದರಲ್ಲಿ ಒಗರು ಬೆಂದು ಪಕ್ವವಾಗಿರುತ್ತದೆ, ಇನ್ನೊಂದರಲ್ಲಿ ಒಣಗಿ ಗಡುಸಾಗಿರುತ್ತದೆ. ಎತ್ತಿನ ಮೇಲೆ ಹೇರಿದ ಸರಕು ಘಟ್ಟದಿಂದ ಬಯಲುಸೀಮೆಗೆ ಬರುವ ದಾರಿಗಳು ಬಹು ಹಿಂದಿನವು. ಎಲೆಯ ಹೇರಿಗೆ ಇಷ್ಟು ಎಲೆ, ಅಡಿಕೆಯ ಹೇರಿಗೆ ಇಷ್ಟು ಅಡಿಕೆ ಎಂದು ಊರಿನ ದೇವರಿಗೆ ವರ್ತಕರು ಬಿಟ್ಟುಕೊಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ವಿಜಯನಗರ ಹುಟ್ಟುವ ಮೊದಲೇ ಕಂಪ್ಲಿಯಲ್ಲಿ ಅರಮನೆಯಿದ್ದಿತು, ಅದನ್ನು 11ನೆಯ ಶತಮಾನದಲ್ಲಿ ಚೋಳರು ಕೆಡವಿದರು. 14ನೆಯ ಶತಮಾನದ ಮೊದಲಲ್ಲಿ ಕಂಪಿಲದೇವನು ಆಳಿದನು, 1327ರಲ್ಲಿ ದಿಲ್ಲಿಯ ಸೈನ್ಯಕ್ಕೆ ಬಲಿಯಾದನು. ರಾಜ್ಯಗಳು ಹೀಗೆ ಏಳುತ್ತ ಬೀಳುತ್ತ ಇದ್ದ ಕಾಲದಲ್ಲಿಯೂ ಎತ್ತುಗಳ ಸಾಲು ಅದೇ ದಾರಿಯಲ್ಲಿ ನಡೆಯುತ್ತಿದ್ದಿತು.

ಸುಣ್ಣಕ್ಕಾಗಿ ಯಾರೂ ದೂರ ಹೋಗಬೇಕಾಗಿರಲಿಲ್ಲ. ಬಳ್ಳಾರಿ ಸೀಮೆಯ ಎರೆಭೂಮಿಯಲ್ಲಿ ಸುಣ್ಣಕಲ್ಲಿನ ಹರಳುಗಳು ಹೇರಳವಾಗಿ ಸಿಗುತ್ತವೆ. ಅವನ್ನು ಆಯ್ದು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಸೋಸಿದರೆ ತಿನ್ನುವ ಸುಣ್ಣ. ನೂನಿಜನು ಹೇಳುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಕೆರೆಯ ಕೆಲಸಕ್ಕೆಂದು ಗೋವೆಯಿಂದ ಬಂದ ಕಲ್ಲುಕುಟಿಗ ಜೊವಾಂವ್ ದೆ ಲಾ ಪೊಂತೆ ಎಂಬುವನು ಮೊದಲು ಸುಣ್ಣವನ್ನು ಸಿದ್ಧಪಡಿಸಿಕೊಡಬೇಕೆಂದು ಕೇಳಿದಾಗ ಕೃಷ್ಣದೇವರಾಯನು ಬಹಳ ನಕ್ಕನಂತೆ, ಏಕೆಂದರೆ ಈ ನಾಡಿನಲ್ಲಿ ಕಟ್ಟಡಕ್ಕೆ ಸುಣ್ಣವನ್ನು ಬಳಸುವ ಬಗೆ ತಿಳಿಯದಂತೆ. ಹಂಪೆಯ ಗೋಪುರಗಳ ಇಟ್ಟಿಗೆಯ ಮೇಲಣ ಗಾರೆಯನ್ನು ನೋಡಿದವರು ಆ ಮಾತನ್ನು ಪೂರ್ತಿಯಾಗಿ ಒಪ್ಪಲಾರರು. ಕಲ್ಲಿನ ಗೋಡೆಯನ್ನು ಮಾತ್ರ ಗಾರೆಯಿಲ್ಲದೆ ಬರಿಯ ಹೊಂದಿಕೆಯಿಂದಲೇ ಎಬ್ಬಿಸುತ್ತಿದ್ದುದು ನಿಜ. ಕಲ್ಲುಗಳನ್ನು ಸುಣ್ಣವಿಲ್ಲದೆ ಕೂಡಿಸಬಲ್ಲವರಾಗಿದ್ದ ಜನ ಎಲೆಯನ್ನೂ ಅಡಿಕೆಯನ್ನೂ ಸುಣ್ಣವಿಲ್ಲದೆ ಕೂಡಿಸಲಾರದವರಾಗಿದ್ದರು. ಅಡಿಕೆಯನ್ನು ಹೋಳುಮಾಡುವ ಅಡಕತ್ತರಿಯ ಕಬ್ಬಿಣಕ್ಕೂ ಕೊರತೆಯಿರಲಿಲ್ಲ. ಸಂಡೂರಿನ ಗುಡ್ಡಸಾಲುಗಳ ಕೆಂಪು ಅದಿರನ್ನು ಇದ್ದಲಿನ ಕುಲುಮೆಗಳಲ್ಲಿ ಕರಗಿಸುವ ಕಸುಬು ಕಮಲಾಪುರದ ಸುತ್ತ ಇಂಗ್ಲಿಷರ ಕಾಲದವರೆಗೂ ಉಳಿದುಬಂದಿದ್ದಿತು. ದೂರದಿಂದ ಬರಬೇಕಾಗಿದ್ದುದು ಕರ್ಪೂರ. ಸುಮಾತ್ರ, ಬೋರ್ನಿಯೊ ದ್ವೀಪಗಳ ಕಾಡುಮರಗಳ ಎದೆಯನ್ನು ಸೀಳಿ ತೆಗೆದ ಪಚ್ಚಕರ್ಪೂರವು ಹಡಗನ್ನೇರಿ ಬರುತ್ತಿದ್ದುದರಿಂದಲೇ ದೇವರಾಯನು ಅದನ್ನು ಹಣದ ಚೀಲದ ಸರಿಸಮಕ್ಕೆ ಇರಿಸಿ ಕೊಟ್ಟುದು.

ಇವೆಲ್ಲವೂ ಒಂದು ಬಾಯಲ್ಲಿ ಕೂಡಿದಾಗ ನಡೆಯುವ ವ್ಯಾಪಾರವನ್ನು ಅವಸರದಲ್ಲಿ ಅರಿಯಲಾಗದು. ಎಲೆಯ ತೊಟ್ಟನ್ನು ಮುರಿದು, ತುದಿಯನ್ನು ಚಿವುಟಿ, ಬೆನ್ನಿನ ನಾರನ್ನು ಉಗುರಿನಿಂದ ಸುಲಿದು, ಆ ಬೆನ್ನಿಗೇ ಸುಣ್ಣವನ್ನು ತೆಳ್ಳಗೆ ಸವರಬೇಕು. ಮೊದಲು ನಾಲಗೆಗೆ ಎಟಕುವುದು ಎಲೆಯ ಖಾರ. ಲವಂಗದ ಗಂಧಕ್ಕೆ ಹತ್ತಿರವಾದ ಒಂದು ಕಾವು ಮೂಗಿಗೇರುತ್ತದೆ. ಅಷ್ಟರಲ್ಲಿ ಅಡಿಕೆ ಹೋಳಾಗಿ, ಅದರ ಒಗರು ಕೆನ್ನೆಯ ಒಳಮೈಯನ್ನು ಬಿಗಿಹಿಡಿಯುತ್ತದೆ. ಸುಣ್ಣವು ಈ ಎರಡರ ನಡುವೆ ನಿಂತು ಒಗರನ್ನು ಸಡಿಲಿಸಿ, ಖಾರವನ್ನು ಹರಡಿ, ರಸವನ್ನು ಕೆಂಪುಮಾಡುತ್ತದೆ. ಚಹಾದ ಎಲೆಯಲ್ಲಿ ಯಾವ ಕಷಾಯದ್ರವ್ಯಗಳು ಗಾಳಿಯ ಸಂಪರ್ಕದಿಂದ ಗಂಟೆಗಟ್ಟಲೆ ಕಾದು ಕೆಂಪಾಗುವುವೋ ಅದೇ ಕುಲಕ್ಕೆ ಸೇರಿದ ದ್ರವ್ಯಗಳು ಅಡಿಕೆಯಲ್ಲಿಯೂ ಇವೆ. ಸುಣ್ಣದ ಕ್ಷಾರವು ಆ ಕೆಂಪನ್ನು ಕ್ಷಣಮಾತ್ರದಲ್ಲಿ ತರುತ್ತದೆ. ಸುಣ್ಣ ಕಡಿಮೆಯಾದರೆ ತಾಂಬೂಲವು ಸತ್ತಂತಿರುತ್ತದೆ, ಹೆಚ್ಚಾದರೆ ನಾಲಗೆ ಸುಡುತ್ತದೆ. ಬೆಳಗ್ಗೆ ಅಡಿಕೆ ಮುಂದಾಗಿರಲಿ, ಮಧ್ಯಾಹ್ನ ಕಾಚು ಮುಂದಾಗಿರಲಿ, ರಾತ್ರಿ ಸುಣ್ಣ ಮುಂದಾಗಿರಲಿ ಎಂದು ವೈದ್ಯಗ್ರಂಥಗಳು ಹೊತ್ತಿಗೊಂದು ಪ್ರಮಾಣವನ್ನು ವಿಧಿಸಿದುವು. ತಾಂಬೂಲದ ಗುಣಗಳು ಹದಿಮೂರೆಂದು ಎಣಿಸುವ ಸುಭಾಷಿತವೂ ಪ್ರಸಿದ್ಧವಾಗಿದೆ. ಕೊನೆಯಲ್ಲಿ ಉಳಿಯುವುದು ತಂಪು. ಹೊರಗೆ ಬಿಸಿಲು ಉರಿಯುತ್ತಿರುವಾಗ, ಎಲೆಯ ಕಾವು ಇಳಿದ ಬಾಯಿಗೆ ಒಂದು ಗುಟುಕು ತಣ್ಣೀರು ಹಾಕಿಕೊಂಡರೆ ಆ ನೀರು ಸಿಹಿಯಾಗಿ ತೋರುವುದನ್ನು ಅನುಭವಿಸಿದವರಿಗೆ, ರಾಯಭಾರಿಯ ಅಷ್ಟು ಹೊಗಳಿಕೆ ಅತಿಶಯವೆನಿಸದು.

ಇಷ್ಟು ಹದ ಬೇಡುವ ವಸ್ತುವನ್ನು ರಾಜರು ತಾವೇ ಮಡಿಸಿಕೊಳ್ಳುತ್ತಿರಲಿಲ್ಲ, ಅದಕ್ಕಾಗಿ ಹಡಪದವರಿದ್ದರು. ಮಹಾನವಮಿಯ ಒಡ್ಡೋಲಗದಲ್ಲಿ ರಾಯನ ಬಳಿ ನಿಂತವರ ಕೈಯಲ್ಲಿ ಖಡ್ಗ ಮೊದಲಾದ ರಾಜಚಿಹ್ನೆಗಳ ಜೊತೆಗೆ ವೀಳ್ಯವೂ ಇದ್ದುದನ್ನು ಪಾಯಿಸನು ಕಂಡನು. ರಾಜನ ಬಾಯಿಗೆ ಹೋಗುವುದನ್ನು ಕೈಯಾರೆ ಸಿದ್ಧಪಡಿಸುವವನಲ್ಲಿ ಪ್ರಾಣವನ್ನೇ ನಂಬಿ ಇಡಬೇಕಾದುದರಿಂದ ಆ ಉದ್ಯೋಗವು ಅಂತರಂಗದ ಉದ್ಯೋಗವಾಗಿದ್ದಿತು. ಅರಮನೆಯ ಹೊರಗೂ ಅದರ ಗೌರವ ಚಿಕ್ಕದಲ್ಲ: 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಹಡಪವನ್ನು ಹೊತ್ತ ಅಪ್ಪಣ್ಣನವರು ವಚನಕಾರರ ಸಾಲಿಗೆ ಸೇರಿದರು, 17ನೆಯ ಶತಮಾನದ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯ ಸಂಚಿಯ ಹೊನ್ನಮ್ಮನು ಹದಿಬದೆಯ ಧರ್ಮವನ್ನು ಬರೆದು ಕವಯಿತ್ರಿಯೆನಿಸಿದಳು. ಯುದ್ಧಕ್ಕೆ ಹೊರಡುವ ದಳಪತಿಗೆ ರಣವೀಳ್ಯ, ಮದುವೆಯ ಮಾತು ಸ್ಥಿರವಾದುದಕ್ಕೆ ವೀಳ್ಯಶಾಸ್ತ್ರ, ದೇವರ ಮುಂದೆ ನೈವೇದ್ಯದ ನಂತರದ ತಾಂಬೂಲಸೇವೆ, ಮುತ್ತೈದೆಗೆ ಫಲತಾಂಬೂಲ, ಪಂಚಾಯಿತಿಯ ತೀರ್ಪಿಗೆ ಒಪ್ಪಿದ ಗುರುತಿಗೆ ಎಲೆ ಅಡಿಕೆ, ಹೀಗೆ ಕೊಟ್ಟ ಮಾತಿಗೆ ಸಾಕ್ಷಿ ಬೇಕಾದ ಕಡೆಗಳಲ್ಲೆಲ್ಲ ಈ ಎಲೆ ಬಂದು ನಿಂತಿತು. ಎಲೆಯನ್ನು ಹಿಡಿದು ಆಡಿದ ಮಾತಿಗೆ ತಪ್ಪಬಾರದೆಂಬ ನಂಬಿಕೆ ಹೊಸಪೇಟೆ, ಕಂಪ್ಲಿಗಳ ಹಳ್ಳಿಗಳಲ್ಲಿ ಇಂದಿಗೂ ಬಿಟ್ಟುಹೋಗಿಲ್ಲ. "ಎಲಿ ಅಡಿಕಿ ಕೊಟ್ಟಾರ" ಎಂದರೆ ಸಂಬಂಧ ನಿಶ್ಚಯವಾಯಿತೆಂದೇ ಅರ್ಥ.

1565ರಲ್ಲಿ ರಕ್ಕಸತಂಗಡಿಯ ಯುದ್ಧದ ಬಳಿಕ ನಗರವು ಕೊಳ್ಳೆಹೋಯಿತು. ಎರಡು ವರ್ಷಗಳ ತರುವಾಯ ಅಲ್ಲಿಗೆ ಬಂದ ವೆನಿಸಿನ ವರ್ತಕ ಚೇಸರೆ ಫೆದೆರೀಚಿಯು ಮನೆಗಳು ಇನ್ನೂ ನಿಂತಿದ್ದರೂ ಬರಿದಾಗಿದ್ದುವೆಂದು ಬರೆದನು. ಕೊಳ್ಳುವವರಿಲ್ಲದ ಊರಿನಲ್ಲಿ ಎಲೆಯ ಅಂಗಡಿ ಒಂದು ದಿನವೂ ನಿಲ್ಲಲಾರದು. ವಜ್ರದ ವ್ಯಾಪಾರಿಯು ಸರಕನ್ನು ಮಡಿಲಿಗೆ ಕಟ್ಟಿಕೊಂಡು ಬೇರೆ ಊರಿಗೆ ಹೋಗಬಲ್ಲನು, ಎಲೆಯವನ ಸರಕು ಬಾಡುತ್ತದೆ. ಆದರೆ ಕಾಲುವೆಗಳು ಹರಿಯುತ್ತಿದ್ದುವು, ಒಕ್ಕಲುಗಳು ಉಳಿದುವು, ವ್ಯಾಪಾರವು ಹೊಸಪೇಟೆಗೂ ಕಂಪ್ಲಿಗೂ ಸರಿಯಿತು. ತಾಂಬೂಲಕ್ಕೆ ನಿಜವಾದ ಕೆಡುಕು ಬಂದುದು ಯುದ್ಧದಿಂದಲ್ಲ. ಪೋರ್ಚುಗೀಸರ ಹಡಗುಗಳಲ್ಲಿ ಬಂದ ಹೊಗೆಸೊಪ್ಪು 17ನೆಯ ಶತಮಾನದ ವೇಳೆಗೆ ನಾಡಿನಲ್ಲೆಲ್ಲ ಹರಡಿ, ಎಲೆಯ ಸಂಚಿಯೊಳಗೂ ನುಸುಳಿತು. ಅಬ್ದುರ್ ರಜಾಕನು ಮೆಚ್ಚಿದ ತಾಂಬೂಲದಲ್ಲಿ ಅದಿರಲಿಲ್ಲ. ಅದರ ಘಾಟು ಸೇರಿದ ಮೇಲೆ ಎಲೆಯ ಸೂಕ್ಷ್ಮಗಂಧವನ್ನು ಗುರುತಿಸುವ ನಾಲಗೆ ಮಂಕಾಯಿತು. ಈಚೆಗೆ ಎಲೆಯನ್ನೂ ಬಿಟ್ಟು ಬರಿಯ ಪೊಟ್ಟಣದ ಪುಡಿಯನ್ನು ಬಾಯಿಗೆ ಸುರಿದುಕೊಳ್ಳುವ ದುರಭ್ಯಾಸವು ಎಳೆಯರನ್ನೂ ಹಿಡಿದಿರುವುದು ಶೋಚನೀಯ. ಹೊಗೆಸೊಪ್ಪಿಲ್ಲದ ಅಡಿಕೆಯೂ ನಿತ್ಯಾಭ್ಯಾಸವಾದರೆ ಬಾಯಿಯ ಅರ್ಬುದಕ್ಕೆ ಕಾರಣವಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಸಂಶೋಧನ ಮಂಡಲವು 2004ರಲ್ಲಿ ಪ್ರಕಟಿಸಿದ ನಿರ್ಣಯವನ್ನು ತಾಂಬೂಲದ ಅಭಿಮಾನಿಗಳು ಮರೆಮಾಚಬಾರದು. ಹಿಂದಿನವರು ಅದನ್ನು ಊಟದ ಮೇಲೆ, ಹಬ್ಬದ ದಿನ, ಅತಿಥಿಯ ಎದುರಿನಲ್ಲಿ ಇಟ್ಟುದಕ್ಕೂ ಇಂದು ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಇರುವ ಅಂತರ ದೊಡ್ಡದು.

19ನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಸಪೇಟೆಗೆ ರೈಲು ಬಂದಿತು. ಚಹಾದ ಮೇಲೆ 1903ರ ಕಾಯಿದೆಯು ವಿಧಿಸಿದ ಸುಂಕದ ಹಣದಲ್ಲಿ ಅದರ ಪ್ರಚಾರವು ಮುಂದಿನ ದಶಕಗಳಲ್ಲಿ ದೇಶದ ರೈಲುನಿಲ್ದಾಣಗಳನ್ನೂ ಸಂತೆಗಳನ್ನೂ ಮುಟ್ಟಿತು. 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಅಸ್ತಿಭಾರ ಬಿದ್ದಮೇಲೆ ಸಾವಿರಾರು ಕೂಲಿಕಾರರು ಈ ಪ್ರದೇಶಕ್ಕೆ ಬಂದರು. ಹೀಗೆ ಹಬ್ಬಿದ ಚಹಾವನ್ನು ಮನೆಗೆ ಬಂದವರಿಗೆ ಕೊಟ್ಟು ಉಪಚರಿಸುವುದು ಈಗ ಎಲ್ಲ ಮನೆಗಳ ಪದ್ಧತಿ. ಹೋಗುವವರಿಗೆ ಎಲೆ ಅಡಿಕೆ ಕೊಡುವುದೂ ಶುಭಕಾರ್ಯಗಳಲ್ಲಿ ತಪ್ಪಿಲ್ಲ, ಹೀಗೆ ಎರಡು ಎಲೆಗಳೂ ಒಂದೇ ಮನೆಯಲ್ಲಿ ಪಾಲು ಹಂಚಿಕೊಂಡಿವೆ. 1953ರಲ್ಲಿ ಅಣೆಕಟ್ಟು ನೀರು ಹಿಡಿದಾಗ ವಲ್ಲಭಾಪುರದ ಹಳೆಯ ಅಣೆಯು ಜಲಾಶಯದಲ್ಲಿ ಮುಳುಗಿತು. ಬಸವಣ್ಣ, ರಾಯ ಕಾಲುವೆಗಳು ಅಂದಿನಿಂದ ಹೊಸ ಕಟ್ಟೆಯ ತೂಬುಗಳಿಂದ ನೀರು ಪಡೆಯುತ್ತಿವೆ. ಅವುಗಳ ದಡದ ತೋಟಗಳಲ್ಲಿ ಈಗ ಎದ್ದು ಕಾಣುವುದು ಬಾಳೆ ಮತ್ತು ಕಬ್ಬು.

ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದಂದಿನಿಂದ ಕಂಬಗಳಿಗೂ ಮಂಟಪಗಳಿಗೂ ಕಾವಲು ದೊರೆತಿದೆ, ಅದು ಆಗಲೇಬೇಕಾಗಿದ್ದಿತು. ಆದರೆ ತುರ್ತು ಕಾಲುವೆಯೂ ಆ ನೀರನ್ನು ಕಟ್ಟುವ ಒಕ್ಕಲಿಗನ ಕೈಗುಣವೂ ಅದೇ ಪರಂಪರೆಗೆ ಸೇರಿದುವೆಂದು ಭಾವಿಸುವುದಾದರೆ, ಆಳುವವರೂ ಪ್ರಾಚ್ಯವಸ್ತು ಪಂಡಿತರೂ ಕೂಡಿ ಒಂದು ಸಣ್ಣ ಕೆಲಸವನ್ನು ಮಾಡಬಹುದು: ಆ ಕಾಲುವೆಯ ಕೆಳಗೆ, ಅಗಸೆ ನುಗ್ಗೆಗಳ ಆಸರೆಯ ಮೇಲೆ, ಈ ಸೀಮೆಯ ಹಳೆಯ ಎಲೆಗಾರರನ್ನೇ ಕರೆದು ಒಂದು ವೀಳ್ಯದ ತೋಟವನ್ನು ಹಾಕಿಸಬಹುದು. ಪಾನ್ ಸುಪಾರಿ ಬಜಾರನ್ನು ನೋಡಲು ಬರುವವರಿಗೆ ಆ ಬೀದಿಯ ಉದ್ದಗಲಗಳನ್ನು ಹೇಳುವ ಮಾರ್ಗದರ್ಶಕನು, ಚಳಿಗಾಲದಲ್ಲಿ ಕಿತ್ತು ನಾಲ್ಕು ದಿನ ಕತ್ತಲೆಯಲ್ಲಿಟ್ಟು ಹದಗೊಳಿಸಿದ ಒಂದು ಎಲೆಯನ್ನು ಕೈಗಿತ್ತು, ಅದರ ತೊಟ್ಟು ಮುರಿದು ನಾರು ಸುಲಿಯುವ ಕ್ರಮವನ್ನೂ ತೋರಿಸಿದರೆ, ದೇವರಾಯನ ಶಾಸನಕಾರನು ಆ ಬೀದಿಯನ್ನು ಏಕೆ ಆ ಹೆಸರಿನಿಂದ ಗುರುತಿಸಿದನೆಂಬುದನ್ನು ಬೇರೆ ಫಲಕದಲ್ಲಿ ಬರೆಯಿಸಬೇಕಾಗುವುದಿಲ್ಲ.